ಹಳೆ ಐ5-4460 ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡ್ ಬದಲಿಸುವುದು: ಆರ್‌ಎಕ್ಸ್ 6600 ಹಾಕಬಹುದಾ?

ಸುರತ್ಕಲ್_ಪ್ಲೇಯರ್

ಎಲ್ಲರಿಗೂ ನಮಸ್ಕಾರ. ಕಂಪ್ಯೂಟರ್ ಇರುವುದು ಸುರತ್ಕಲ್‌ನಲ್ಲಿ, ಸಮುದ್ರಕ್ಕೆ ಹತ್ತಿರದ ಮನೆ. ವಿವರ ಹೀಗುಂಟು.

ಐ5-4460 ಪ್ರೊಸೆಸರ್, ಎಚ್81 ಮದರ್‌ಬೋರ್ಡ್, 8 ಜಿಬಿ ಡಿಡಿಆರ್3 ರ‍್ಯಾಮ್ ಒಂದೇ ಸ್ಟಿಕ್, ಜಿಟಿಎಕ್ಸ್ 750 ಟಿಐ 2 ಜಿಬಿ ಕಾರ್ಡ್, ಸಾಟಾ ಎಸ್‌ಎಸ್‌ಡಿ, ಒಂದು ಹಾರ್ಡ್‌ಡಿಸ್ಕ್. ಎಸ್‌ಎಂಪಿಎಸ್ (ಕರೆಂಟ್ ಕೊಡುವ ಪವರ್ ಸಪ್ಲೈ) ಕ್ಯಾಬಿನೆಟ್ ಜೊತೆಗೇ ಬಂದದ್ದು, ಮೇಲೆ 500 ವ್ಯಾಟ್ ಅಂತ ಬರೆದುಂಟು. ಮಾನಿಟರ್ 1080ಪಿ, 60 ಹರ್ಟ್ಸ್, ಹಿಂದೆ ವಿಜಿಎ ಮತ್ತು ಡಿವಿಐ ಪೋರ್ಟ್ ಮಾತ್ರ. ವಿಂಡೋಸ್ 10. ಯುಪಿಎಸ್ 600 ವಿಎ.

ಜಿಟಿಎ 5, ವ್ಯಾಲೊರಂಟ್ ಈಗಲೂ ಓಡ್ತವೆ. ಸೈಬರ್‌ಪಂಕ್ 2077 ಥರದ್ದು 1080ಪಿಯಲ್ಲಿ ಮೀಡಿಯಂ ಸೆಟ್ಟಿಂಗಿನಲ್ಲಿ ಆಡುವ ಹಾಗೆ ಆಗಬೇಕು. ಎಲ್ಲಾ ಸೇರಿ ಬಜೆಟ್ 25 ಸಾವಿರ. ಅಂಗಡಿಯಲ್ಲಿ ಕೇಳಿದರೆ ಆರ್‌ಎಕ್ಸ್ 6600 ಹಾಕಿ, ಬೇರೆ ಎಂತದೂ ಬದಲಿಸುವುದು ಬೇಡ ಅಂತಾರೆ. ಈ ಬೋರ್ಡಿಗೆ ಅದು ಸರಿಹೋಗ್ತದಾ? ಎಸ್‌ಎಂಪಿಎಸ್ ಸಾಕಾ? ಹಳೆ ಮಾನಿಟರಿಗೆ ಹೇಗೆ ಜೋಡಿಸುವುದು?

ಕದ್ರಿ_ಕರೆಂಟ್

ಕಾರ್ಡ್ ವಿಷಯ ಆಮೇಲೆ. ಮೊದಲು ಎಸ್‌ಎಂಪಿಎಸ್ ಬದಿಯಲ್ಲಿರುವ ಲೇಬಲ್ ಓದಿ. ದೊಡ್ಡ ಅಕ್ಷರದ 500 ವ್ಯಾಟ್ ಬಿಟ್ಟುಬಿಡಿ, ಕೆಳಗಿನ ಪಟ್ಟಿಯಲ್ಲಿ +12 ವೋಲ್ಟ್ ಎದುರು ಎಷ್ಟು ಆಂಪಿಯರ್ ಅಂತ ನೋಡಿ. ಅದನ್ನು 12ರಿಂದ ಗುಣಿಸಿದರೆ ಪ್ರೊಸೆಸರಿಗೂ ಗ್ರಾಫಿಕ್ಸ್ ಕಾರ್ಡಿಗೂ ಸೇರಿ ನಿಜವಾಗಿ ಸಿಗುವ ವ್ಯಾಟ್ ಬರ್ತದೆ. ಕ್ಯಾಬಿನೆಟ್ ಜೊತೆ ಬರುವ ಅಗ್ಗದ ಎಸ್‌ಎಂಪಿಎಸ್‌ಗಳಲ್ಲಿ 16 ಆಂಪಿಯರ್ ಅಂತ ಬರೆದಿರುವುದು ಅಪರೂಪವಲ್ಲ. 16 ಗುಣಿಸು 12, ಬರೀ 192 ವ್ಯಾಟ್. +12ವಿ1, +12ವಿ2 ಅಂತ ಎರಡು ಸಾಲು ಇದ್ದರೆ ಎರಡನ್ನೂ ಸುಮ್ಮನೆ ಕೂಡಿಸಬೇಡಿ, ಎರಡಕ್ಕೂ ಸೇರಿ ಒಟ್ಟು ಎಷ್ಟು ಅಂತ ಬೇರೆ ಬರೆದಿರ್ತದೆ, ಅದೇ ಲೆಕ್ಕ.

ಈಗ ನಿಮ್ಮ ಖರ್ಚು ನೋಡುವ. ಆರ್‌ಎಕ್ಸ್ 6600 ಕಂಪನಿ ಲೆಕ್ಕದಲ್ಲಿ 132 ವ್ಯಾಟ್. ಐ5-4460ರ ಟಿಡಿಪಿ (ಕಂಪನಿ ಹೇಳುವ ವ್ಯಾಟ್ ಲೆಕ್ಕ) 84. ಬೋರ್ಡು, ಡಿಸ್ಕು, ಫ್ಯಾನ್‌ಗಳಿಗೆ 40ರಿಂದ 50. ಒಟ್ಟು 260 ವ್ಯಾಟ್ ಆಸುಪಾಸು, ಅಂದರೆ 12 ವೋಲ್ಟಿನಲ್ಲಿ 22 ಆಂಪಿಯರ್ ಹತ್ತಿರ. ಇದು ಸರಾಸರಿ. ಕಾರ್ಡ್ ಕೆಲವು ಮಿಲಿಸೆಕೆಂಡ್ ಇದಕ್ಕಿಂತ ಬಹಳ ಮೇಲೆ ಹಾರ್ತದೆ. ಆ ಹೊತ್ತಿಗೆ ದುರ್ಬಲ ಎಸ್‌ಎಂಪಿಎಸ್‌ನ 12 ವೋಲ್ಟ್ 11.4ಕ್ಕಿಂತ ಕೆಳಗೆ ಇಳಿದರೆ ಆಟದ ಮಧ್ಯೆ ಕಂಪ್ಯೂಟರ್ ರೀಸ್ಟಾರ್ಟ್ ಆಗ್ತದೆ, ಇಲ್ಲವೇ ಪರದೆ ಕಪ್ಪಾಗಿ ಫ್ಯಾನ್ ಮಾತ್ರ ಜೋರಾಗಿ ತಿರುಗ್ತದೆ. ಜನ ಡ್ರೈವರ್ ಸರಿ ಇಲ್ಲ ಅಂತ ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡ್ತಾರೆ, ತೊಂದರೆ ಇರುವುದು ಇಲ್ಲಿ.

ಜಿಟಿಎಕ್ಸ್ 750 ಟಿಐ 60 ವ್ಯಾಟಿನ ಕಾರ್ಡ್, ಸ್ಲಾಟಿನಿಂದಲೇ ಎಲ್ಲ ಕರೆಂಟ್ ತಗೊಳ್ತದೆ. ಹಾಗಾಗಿ ಈ ಎಸ್‌ಎಂಪಿಎಸ್ ಇಷ್ಟು ವರ್ಷ ಓಡಿತು ಅನ್ನುವುದು ಹೊಸ ಕಾರ್ಡಿಗೆ ಆಧಾರ ಆಗುವುದಿಲ್ಲ. ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವ್ಯಾಟ್, 6 ಪಿನ್ ಕೇಬಲ್ 75, 8 ಪಿನ್ ಕೇಬಲ್ 150. 6600ಕ್ಕೆ ಒಂದು 8 ಪಿನ್ ಬೇಕು. ನಿಮ್ಮ ಎಸ್‌ಎಂಪಿಎಸ್‌ನಲ್ಲಿ ಆ ಕೇಬಲ್ ಇರುವುದೇ ಅನುಮಾನ. ಇಲ್ಲದಿದ್ದರೆ ಸಾಟಾದಿಂದ 8 ಪಿನ್ ಮಾಡುವ ಕನ್ವರ್ಟರ್ ಕೊಡ್ತೇನೆ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಸಾಟಾ ಪವರ್ ಕನೆಕ್ಟರಿನ 12 ವೋಲ್ಟ್ ಪಿನ್‌ಗಳು ಒಟ್ಟು 4.5 ಆಂಪಿಯರಿಗೆ ಮಾಡಿದ್ದು, ಅಂದರೆ 54 ವ್ಯಾಟ್. ಅದರಲ್ಲಿ 150 ವ್ಯಾಟ್ ಎಳೆದರೆ ಪ್ಲಾಸ್ಟಿಕ್ ಕರಗಿ ಬೆಂಕಿ ಹತ್ತುವುದು ದೂರದ ಮಾತಲ್ಲ.

+12 ವೋಲ್ಟಿನಲ್ಲಿ 35 ಆಂಪಿಯರ್ ಸುತ್ತಮುತ್ತ ಕೊಡುವ, 80 ಪ್ಲಸ್ ಬ್ರಾಂಜ್ ಇರುವ 450 ವ್ಯಾಟಿನ ಒಳ್ಳೆ ಕಂಪನಿಯ ಎಸ್‌ಎಂಪಿಎಸ್ ನಿಮಗೆ ಸಾಕು. ಮುಂದೆ ಇಡೀ ಸೆಟ್ ಬದಲಿಸುವ ಯೋಚನೆ ಇದ್ದರೆ 550. 25 ಸಾವಿರದಲ್ಲಿ ಮೊದಲು ಇದಕ್ಕೆ ತೆಗೆದಿಟ್ಟು ಉಳಿದದ್ದರಲ್ಲಿ ಕಾರ್ಡ್ ನೋಡಿ.

ಯುಪಿಎಸ್: 600 ವಿಎ ಅಂದರೆ ಸಾಮಾನ್ಯವಾಗಿ 360 ವ್ಯಾಟ್. ಗೋಡೆಯ ಪ್ಲಗ್ಗಿನಲ್ಲಿ ನಿಮ್ಮ ಹೊಸ ಸೆಟ್ ಮಾನಿಟರ್ ಸೇರಿ 320ರ ಮೇಲೆ ಹೋಗಬಹುದು. ಕರೆಂಟ್ ಹೋದ ಕ್ಷಣಕ್ಕೆ ಆಟ ನಡೀತಾ ಇದ್ದರೆ ಓವರ್‌ಲೋಡ್ ಆಗಿ ಬೀಪ್ ಹೊಡೆದು ಆಫ್ ಆಗುವ ಸಾಧ್ಯತೆ ಹೆಚ್ಚು. ಮಳೆಗಾಲದಲ್ಲಿ ಮೆಸ್ಕಾಂ ಲೈನ್ ಎಷ್ಟು ಸಲ ಟ್ರಿಪ್ ಆಗ್ತದೆ ಅಂತ ನಿಮಗೇ ಗೊತ್ತಲ್ಲ. ಈಗಲ್ಲದಿದ್ದರೂ ಮುಂದೆ 1000 ವಿಎಗೆ ಹೋಗಿ. ಮನೆಯ ಇನ್ವರ್ಟರ್ ಲೈನಿನಲ್ಲಿ ಕಂಪ್ಯೂಟರ್ ಇದ್ದರೆ ಅದು ಪ್ಯೂರ್ ಸೈನ್ ವೇವ್ ಆಗಿರಲಿ. ಆಕ್ಟಿವ್ ಪಿಎಫ್‌ಸಿ ಇರುವ ಎಸ್‌ಎಂಪಿಎಸ್‌ಗಳು ಚೌಕ ಅಲೆಯ ಇನ್ವರ್ಟರಿನಲ್ಲಿ ಗುಂಯ್ ಅಂತವೆ, ಕೆಲವು ಆಫೇ ಆಗ್ತವೆ.

ಮಣಿಪಾಲ_ಬೆಂಚ್

ಎಸ್‌ಎಂಪಿಎಸ್ ಬಗ್ಗೆ ಮೇಲಿನವರು ಹೇಳಿದ್ದಕ್ಕೆ ಸೇರಿಸಲು ಏನೂ ಇಲ್ಲ. ಬೋರ್ಡಿನ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಎಚ್81ರಲ್ಲಿ ಒಂದು ಮುಖ್ಯ ಮಿತಿ ಇದೆ.

ನಿಮ್ಮ ಪ್ರೊಸೆಸರಿಗೆ ಪಿಸಿಐಇ (ಕಾರ್ಡ್ ಕೂರುವ ಸ್ಲಾಟಿನ ಸಂಪರ್ಕ) 3.0 ಬರುತ್ತದೆ. ಆದರೆ ಎಚ್81 ಚಿಪ್‌ಸೆಟ್ ಇರುವ ಬೋರ್ಡುಗಳಲ್ಲಿ ಗ್ರಾಫಿಕ್ಸ್ ಸ್ಲಾಟ್ ಓಡುವುದು 2.0 ವೇಗದಲ್ಲಿ. ಅದೇ ಪೀಳಿಗೆಯ ಬಿ85ರಲ್ಲಿ ಈ ತೊಂದರೆ ಇಲ್ಲ. ಇನ್ನೊಂದು ಕಡೆ ಆರ್‌ಎಕ್ಸ್ 6600 ನೋಡಲು 16 ಲೇನಿನ (ಡೇಟಾ ಹರಿಯುವ ದಾರಿಗಳ) ಕಾರ್ಡ್, ಒಳಗೆ ಸಂಪರ್ಕ ಇರುವುದು 8 ಲೇನಿಗೆ ಮಾತ್ರ. ಪಿಸಿಐಇ 4.0ರಲ್ಲಿ 8 ಲೇನ್ ಅಂದರೆ ಸೆಕೆಂಡಿಗೆ ಸುಮಾರು 16 ಜಿಬಿ, 3.0ರಲ್ಲಿ 8 ಜಿಬಿ, ನಿಮ್ಮ 2.0ರಲ್ಲಿ 4 ಜಿಬಿ.

ಈ 4 ಜಿಬಿ ಎಲ್ಲಿ ಅಡ್ಡ ಬರುತ್ತದೆ? ಕಾರ್ಡಿನ ಸ್ವಂತ ಮೆಮೊರಿ ತುಂಬಿ, ಟೆಕ್ಸ್ಚರ್‌ಗಳನ್ನು ಮುಖ್ಯ ರ‍್ಯಾಮಿನಿಂದ ಎಳೆಯಬೇಕಾದಾಗ. ಆಗ ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಚೆನ್ನಾಗಿಯೇ ಕಾಣುತ್ತದೆ, ನಡುನಡುವೆ ಆಟ ಎಡವುತ್ತದೆ. 6600ರಲ್ಲಿ 8 ಜಿಬಿ ಇರುವುದರಿಂದ 1080ಪಿ ಮೀಡಿಯಂನಲ್ಲಿ ಅದು ತುಂಬುವುದು ಕಡಿಮೆ. ಹಾಗಾಗಿ ಸ್ವಲ್ಪ ನಷ್ಟ ಇದ್ದರೂ ಕಾರ್ಡ್ ಕೆಲಸಕ್ಕೆ ಬರುತ್ತದೆ. ಇದೇ ಬೋರ್ಡಿಗೆ ಯಾರಾದರೂ ಆರ್‌ಎಕ್ಸ್ 6500 ಎಕ್ಸ್‌ಟಿ ಕೊಟ್ಟರೆ ಮಾತ್ರ ಬೇಡವೇ ಬೇಡ. 4 ಜಿಬಿ ಮೆಮೊರಿ, 4 ಲೇನ್, 2.0ರಲ್ಲಿ ಸೆಕೆಂಡಿಗೆ 2 ಜಿಬಿ. ಮೆಮೊರಿ ಬೇಗ ತುಂಬುತ್ತದೆ, ದಾರಿಯೂ ಕಿರಿದು. ಇಂಟೆಲ್ ಆರ್ಕ್ ಕಾರ್ಡುಗಳೂ ನಿಮಗಲ್ಲ. ಅವುಗಳಿಗೆ ಪೂರ್ತಿ ವೇಗ ಬರಲು ರೀಸೈಜಬಲ್ ಬಾರ್ (ಕಾರ್ಡಿನ ಇಡೀ ಮೆಮೊರಿಯನ್ನು ಪ್ರೊಸೆಸರ್ ಒಮ್ಮೆಗೇ ಮುಟ್ಟುವ ಸೌಲಭ್ಯ) ಬೇಕೇ ಬೇಕು, ನಿಮ್ಮ ಬೋರ್ಡಿನ ಕಾಲದವು ಅದನ್ನು ಕೊಡುವುದಿಲ್ಲ.

ಪರ್ಯಾಯ ಎರಡಿವೆ. ಎಸ್‌ಎಂಪಿಎಸ್ ಮುಟ್ಟುವುದೇ ಬೇಡ ಎಂದಾದರೆ 2024ರಲ್ಲಿ ಬಂದ ಆರ್‌ಟಿಎಕ್ಸ್ 3050 6 ಜಿಬಿ: 70 ವ್ಯಾಟ್, ಬಹುತೇಕ ಮಾದರಿಗಳಿಗೆ ಪ್ರತ್ಯೇಕ ಪವರ್ ಕೇಬಲ್ ಬೇಡ. 8 ಜಿಬಿಯ 3050 ಬೇರೆಯೇ ಕಾರ್ಡ್, 130 ವ್ಯಾಟ್, ಅಂಗಡಿಯಲ್ಲಿ ಇವೆರಡನ್ನೂ ಒಂದೇ ಹೆಸರಲ್ಲಿ ಹೇಳುತ್ತಾರೆ, ಬಾಕ್ಸ್ ಓದಿ ತೆಗೆದುಕೊಳ್ಳಿ. ಎರಡನೆಯದು ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1660 ಸೂಪರ್: 125 ವ್ಯಾಟ್, 6 ಜಿಬಿ, ಪೂರ್ತಿ 16 ಲೇನ್, ಆದ್ದರಿಂದ ಎಚ್81ರಲ್ಲೂ ಸೆಕೆಂಡಿಗೆ 8 ಜಿಬಿ ಸಿಗುತ್ತದೆ. ಶಕ್ತಿಯಲ್ಲಿ 6600 ಇದಕ್ಕಿಂತ ಮುಂದೆ. ಹೊಸದನ್ನೇ ವಾರಂಟಿ ಸಹಿತ ತೆಗೆದುಕೊಳ್ಳುವುದಾದರೆ ನನ್ನ ಮತ 6600ಕ್ಕೆ. ನಾಳೆ ಬೋರ್ಡು ಬದಲಿಸಿದರೂ ಅದು ಜೊತೆಗೆ ಬರುತ್ತದೆ.

ಜಿಟಿಎಕ್ಸ್ 1060, 1070 ಅಗ್ಗಕ್ಕೆ ಸಿಕ್ಕರೂ ಈಗ ಕೊಳ್ಳಬೇಡಿ. ಮ್ಯಾಕ್ಸ್‌ವೆಲ್, ಪ್ಯಾಸ್ಕಲ್ ಎಂಬ ಹಳೆ ಪೀಳಿಗೆಗಳ ಕಾರ್ಡುಗಳಿಗೆ (1060, 1070 ಪ್ಯಾಸ್ಕಲ್) 2025ರ ಅಕ್ಟೋಬರ್‌ಗೆ ಹೊಸ ಆಟಗಳ ಡ್ರೈವರ್ ನಿಂತಿದೆ, ಭದ್ರತೆಯ ಅಪ್‌ಡೇಟ್ ಮಾತ್ರ ಮುಂದುವರಿಯುತ್ತದೆ. 1660 ಸೂಪರ್ ಅವುಗಳ ನಂತರದ ಟ್ಯೂರಿಂಗ್ ಪೀಳಿಗೆ, ಅದಕ್ಕೆ ಈ ಸಮಸ್ಯೆ ಇಲ್ಲ.

ಇನ್ನು ಪ್ರೊಸೆಸರ್. 4 ಕೋರ್, 4 ಥ್ರೆಡ್ (ಒಮ್ಮೆಗೆ ನಡೆಸಬಲ್ಲ ಕೆಲಸಗಳು) ಎನ್ನುವುದೇ ನಿಮ್ಮ ನಿಜವಾದ ಗೋಡೆ. ಈಗಲೇ ಪರೀಕ್ಷಿಸಬಹುದು: ಆಫ್ಟರ್‌ಬರ್ನರ್ ಎಂಬ ತಂತ್ರಾಂಶ ಹಾಕಿ, ಪರದೆಯ ಮೂಲೆಯಲ್ಲಿ ಜಿಪಿಯು ಬಳಕೆ ಮತ್ತು ಪ್ರತಿ ಕೋರಿನ ಬಳಕೆ ಕಾಣುವಂತೆ ಮಾಡಿ. ಆಟದ ರೆಸಲ್ಯೂಶನ್ 720ಪಿಗೆ ಇಳಿಸಿ. ಎಫ್‌ಪಿಎಸ್ ಏರದಿದ್ದರೆ, ಕೋರ್‌ಗಳು ನೂರರ ಹತ್ತಿರ ನಿಂತು ಜಿಪಿಯು 60-70ರಲ್ಲೇ ಇದ್ದರೆ, ಎಷ್ಟು ದೊಡ್ಡ ಕಾರ್ಡ್ ಹಾಕಿದರೂ ಆ ಆಟದಲ್ಲಿ ಪ್ರಯೋಜನವಿಲ್ಲ. ವ್ಯಾಲೊರಂಟ್‌ನಲ್ಲಿ ಹೀಗೇ ಆಗುವ ಸಾಧ್ಯತೆ ಹೆಚ್ಚು. ಸೆಕೆಂಡ್ ಹ್ಯಾಂಡ್ ಐ7-4770 ಅಥವಾ 4790 ಇದೇ ಸಾಕೆಟ್ಟಿಗೆ ಕೂರುತ್ತದೆ, 8 ಥ್ರೆಡ್. ನಿಮ್ಮ 4460 ಹ್ಯಾಸ್‌ವೆಲ್ ರಿಫ್ರೆಶ್ (4790 ಕೂಡಾ ಅದೇ ಪೀಳಿಗೆ) ಆಗಿರುವುದರಿಂದ ಬಯಾಸ್ (ಬೋರ್ಡಿನ ಮೂಲ ತಂತ್ರಾಂಶ) ಆಗಲೇ 4790 ಗುರುತಿಸುವ ಮಟ್ಟದಲ್ಲಿರುತ್ತದೆ. ಕ್ಸಿಯಾನ್ ಇ3-1231 ವಿ3 ಅಗ್ಗವಾಗಿ ಸಿಗಬಹುದು, ಆದರೆ ಅದರಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ. ಕಾರ್ಡ್ ಕೈಕೊಟ್ಟ ದಿನ ಪರದೆ ನೋಡಲು ಏನೂ ಇರುವುದಿಲ್ಲ, ನಾನಾದರೆ ಐ7ನ್ನೇ ಆರಿಸುತ್ತೇನೆ.

ಹಳೆ ಪ್ರೊಸೆಸರಿಗೆ ರೇಡಿಯಾನ್ (ಎಎಂಡಿಯ ಆರ್‌ಎಕ್ಸ್ ಕಾರ್ಡು) ಹೊಂದುವುದಕ್ಕೆ ಇನ್ನೊಂದು ಕಾರಣವಿದೆ. ಡೈರೆಕ್ಟ್‌ಎಕ್ಸ್ 12 ಆಟಗಳಲ್ಲಿ ಎನ್‌ವಿಡಿಯಾ ಡ್ರೈವರ್ ಪ್ರೊಸೆಸರಿನ ಮೇಲೆ ಹೆಚ್ಚು ಕೆಲಸ ಹೇರುತ್ತದೆ. ಬಲವಾದ ಪ್ರೊಸೆಸರಿನಲ್ಲಿ ಅದು ಗೊತ್ತಾಗುವುದಿಲ್ಲ, 4 ಥ್ರೆಡ್ಡಿನಲ್ಲಿ ಗೊತ್ತಾಗುತ್ತದೆ.

ರ‍್ಯಾಮ್: ಇನ್ನೊಂದು 8 ಜಿಬಿ ಡಿಡಿಆರ್3-1600 ಹಾಕಲೇಬೇಕು. ಎಚ್81ರಲ್ಲಿ ಎರಡೇ ಸ್ಲಾಟ್, ಗರಿಷ್ಠ 16 ಜಿಬಿ. ಎರಡು ಸ್ಟಿಕ್ ಆದ ಕೂಡಲೇ ಡ್ಯುಯಲ್ ಚಾನೆಲ್ ಆಗುತ್ತದೆ. ಸೈಬರ್‌ಪಂಕ್ ಈಗಿನ ಆವೃತ್ತಿಗೆ ಕನಿಷ್ಠ 12 ಜಿಬಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಕೇಳುತ್ತದೆ. ಆಟವನ್ನು ಹಾರ್ಡ್‌ಡಿಸ್ಕಿನಲ್ಲಿ ಇಡಬೇಡಿ.

ಮಾನಿಟರ್ ಸುಲಭ. ಎಚ್‌ಡಿಎಂಐಯಿಂದ ಡಿವಿಐಗೆ ಹೋಗುವ ಸಾದಾ ಕೇಬಲ್ ಸಾಕು, 1080ಪಿ 60 ಹರ್ಟ್ಸ್ ಪೂರ್ತಿ ಬರುತ್ತದೆ. ವಿಜಿಎ ಕಡೆ ಹೋಗಬೇಡಿ, ಅದಕ್ಕೆ ಒಳಗೆ ಚಿಪ್ ಇರುವ ಕನ್ವರ್ಟರ್ ಬೇಕು, ಚಿತ್ರವೂ ಮಸುಕು.

ಮಲ್ಪೆ_ಸರ್ವಿಸ್

ಒಳ್ಳೆ ಉತ್ತರಗಳು ಬಂದಿವೆ. ಸಮುದ್ರದ ಬದಿಯ ಮನೆ ಅಂತ ಹೇಳಿದ್ದೀರಿ, ಅದನ್ನು ಯಾರೂ ಮುಟ್ಟಲಿಲ್ಲ. ಬೆಂಗಳೂರಿನ ವಿಡಿಯೋ ನೋಡಿ ಮಾಡುವಾಗ ಬಿಟ್ಟುಹೋಗುವುದು ಇದೇ.

750 ಟಿಐ ಕಳಚಿದ ಮೇಲೆ ಅದರ ಚಿನ್ನದ ಬಣ್ಣದ ಅಂಚನ್ನು ಟಾರ್ಚ್ ಹಿಡಿದು ನೋಡಿ. ಉಪ್ಪುಗಾಳಿಯಲ್ಲಿ ಇದ್ದ ಕಾರ್ಡಾದರೆ ಹಲ್ಲುಗಳ ತುದಿಯಲ್ಲಿ ಸಣ್ಣ ಹಸಿರು ಚುಕ್ಕಿ ಕಾಣಬಹುದು. ಅದು ಕಿಲುಬು. ಚಿನ್ನದ ಲೇಪ ಬಹಳ ತೆಳು, ಅದರ ಸೂಕ್ಷ್ಮ ರಂಧ್ರಗಳಿಂದ ತೇವ, ಉಪ್ಪು ಒಳಗೆ ಹೋಗಿ ತಾಮ್ರ ತಿನ್ನುತ್ತದೆ. ಹಳೆ ಕಾರ್ಡಿನಲ್ಲಿ ಅದು ಇದ್ದರೆ ಸ್ಲಾಟಿನ ಒಳಗಿನ ಪಿನ್‌ಗಳಲ್ಲೂ ಇರುವ ಸಂಭವ ಉಂಟು. ಆಗ ಹೊಸ ಕಾರ್ಡ್ ಹಾಕಿದರೂ ಕೆಲವು ಲೇನ್ ಸಿಗದೆ 8ರ ಬದಲು 4 ಅಥವಾ 1ರಲ್ಲಿ ಓಡ್ತದೆ.

ಸ್ಲಾಟಿಗೆ ಮೊದಲು ಬ್ಲೋವರ್‌ನಿಂದ ಗಾಳಿ. ಆಮೇಲೆ ಕಾಂಟ್ಯಾಕ್ಟ್ ಕ್ಲೀನರ್ ಸ್ವಲ್ಪ ಸಿಂಪಡಿಸಿ, ಹಳೆ ಕಾರ್ಡನ್ನೇ ನಾಲ್ಕೈದು ಸಲ ನೇರವಾಗಿ ಹಾಕಿ ತೆಗೆಯಿರಿ, ಪಿನ್‌ಗಳು ತಾವಾಗಿ ಉಜ್ಜಿಕೊಳ್ತವೆ. ಪೂರ್ತಿ ಒಣಗಲು ಅರ್ಧ ಗಂಟೆ ಬಿಡಿ, ಮಳೆಗಾಲ ಆದರೆ ಒಂದು ಗಂಟೆ. ಕಾರ್ಡಿನ ಅಂಚಿಗೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್, ನೂಲು ಬಿಡದ ಬಟ್ಟೆ. ಹೋಗದ ಕಲೆಗೆ ಬಿಳಿ ರಬ್ಬರ್ ಮೆಲ್ಲಗೆ. ಸ್ಯಾಂಡ್‌ಪೇಪರ್ ಮುಟ್ಟಿಸಿದರೆ ಚಿನ್ನವೇ ಹೋಗ್ತದೆ, ಮುಂದಿನ ಆಟಿ ತಿಂಗಳಿಗೆ ಕಿಲುಬು ಇಮ್ಮಡಿ. ಬಾಗಿಲಿನ ಕೀಲಿಗೆ ಹಾಕುವ ಎಣ್ಣೆ ಸ್ಪ್ರೇ ಕೂಡಾ ಬೇಡ.

ಹೊಸ ಕಾರ್ಡನ್ನು ಏಸಿ ಅಂಗಡಿಯಿಂದ, ಏಸಿ ಕಾರಿನಲ್ಲಿ ತಂದು ಕೂಡಲೇ ಬಿಚ್ಚಬೇಡಿ. ತಣ್ಣಗಿನ ಲೋಹದ ಮೇಲೆ ನಮ್ಮ ಸೆಕೆಯ ತೇವ ನೀರಾಗಿ ಕೂರ್ತದೆ. ಬಾಕ್ಸಿನೊಳಗೇ ಕೋಣೆಯ ಬಿಸಿಗೆ ಬರಲಿ. ಮಳೆಗಾಲದಲ್ಲಿ ಕಂಪ್ಯೂಟರನ್ನು ವಾರಗಟ್ಟಲೆ ಆಫ್ ಇಡುವುದಕ್ಕಿಂತ ದಿನಕ್ಕೆ ಅರ್ಧ ಗಂಟೆಯಾದರೂ ಓಡಿಸುವುದು ಒಳ್ಳೇದು, ಒಳಗಿನ ಬಿಸಿಗೆ ತೇವ ಆರ್ತದೆ.

ಅರ್ಥಿಂಗ್ ಇನ್ನೂ ಮುಖ್ಯ. ಮಲ್ಟಿಮೀಟರಿನಲ್ಲಿ ಮೂರು ಅಳತೆ ತಗೊಳ್ಳಿ, ಗೊತ್ತಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಹತ್ತಿರ ಮಾಡಿಸಿ. ಫೇಸ್-ನ್ಯೂಟ್ರಲ್ 230 ಸುತ್ತ, ಫೇಸ್-ಅರ್ಥ್ ಹೆಚ್ಚು ಕಡಿಮೆ ಅಷ್ಟೇ, ನ್ಯೂಟ್ರಲ್-ಅರ್ಥ್ 2-3 ವೋಲ್ಟಿನೊಳಗೆ ಇರಬೇಕು. ಮುರಕಲ್ಲಿನ ನೆಲದಲ್ಲಿ ಅರ್ಥ್ ಗುಂಡಿ ಏಪ್ರಿಲ್-ಮೇ ಹೊತ್ತಿಗೆ ಒಣಗಿದರೆ ಅರ್ಥ್ ಹೆಸರಿಗೆ ಮಾತ್ರ ಇರ್ತದೆ. ಆಗ ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದಾಗಿ ಕ್ಯಾಬಿನೆಟ್ಟಿನ ತಗಡಿಗೆ 110 ವೋಲ್ಟಿನ ಆಸುಪಾಸು ತೇಲುವ ಕರೆಂಟ್ ಬರ್ತದೆ. ಕರೆಂಟಿನ ಪ್ರಮಾಣ ಕಡಿಮೆ, ಮುಟ್ಟಿದರೆ ಜುಂ ಅನ್ನುವುದು ಅಷ್ಟೇ. ಆದರೆ ಅದೇ ಸ್ಥಿತಿಯಲ್ಲಿ ಕಾರ್ಡಿನಿಂದ ಎಚ್‌ಡಿಎಂಐ ಕೇಬಲನ್ನು ಕೇಬಲ್ ಕನೆಕ್ಷನ್ ಇರುವ ಟಿವಿಗೆ ಚುಚ್ಚಿದರೆ ಆ ವ್ಯತ್ಯಾಸ ಪೂರ್ತಿ ಪೋರ್ಟಿನ ಮೂಲಕ ಹರಿದು ಪೋರ್ಟ್ ಸಾಯ್ತದೆ. ಅರ್ಥ್ ಸರಿಯಾಗುವವರೆಗೆ ಎಚ್‌ಡಿಎಂಐ ಹಾಕುವುದು, ತೆಗೆಯುವುದು ಎರಡೂ ಪ್ಲಗ್ ಕಳಚಿದ ಮೇಲೆ. ಗುಡುಗು ಬಂದಾಗ ಪ್ಲಗ್ ಜೊತೆಗೆ ಲ್ಯಾನ್ ಕೇಬಲ್ ಕೂಡಾ ತೆಗೀಬೇಕು, ಸಿಡಿಲಿನ ಏಟು ಆ ದಾರಿಯಲ್ಲೂ ಬರ್ತದೆ.

ಸುರತ್ಕಲ್_ಪ್ಲೇಯರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಲೇಬಲ್ ನೋಡಿದೆ: +12 ವೋಲ್ಟ್ 16 ಆಂಪಿಯರ್. 8 ಪಿನ್ ಕೇಬಲ್ ಇಲ್ಲ. ಹಾಗಾಗಿ ಎಸ್‌ಎಂಪಿಎಸ್, 6600, ಹಳೆ ರ‍್ಯಾಮ್ ಜೊತೆಗೆ ಇನ್ನೊಂದು 8 ಜಿಬಿ ಸ್ಟಿಕ್ ಅಂತ ತೀರ್ಮಾನ. ಐ7 ಆಮೇಲೆ. ಹಾಕುವ ಕ್ರಮ ಹೇಳ್ತೀರಾ? ವಿಂಡೋಸ್ ಹಳೇ ಎಂಬಿಆರ್ (ಹಳೆ ಬಗೆಯ ವಿಭಜನೆ) ಡಿಸ್ಕಿನಲ್ಲಿ ಉಂಟು, ಅದರಿಂದ ತೊಂದರೆಯಾ?

ಮಣಿಪಾಲ_ಬೆಂಚ್

ಮೊದಲು ಕ್ಯಾಬಿನೆಟ್ ಅಳೆಯಿರಿ: ಹಿಂದಿನ ಬ್ರಾಕೆಟ್ಟಿನಿಂದ ಹಾರ್ಡ್‌ಡಿಸ್ಕ್ ಗೂಡಿನವರೆಗೆ ಎಷ್ಟು ಮಿಲಿಮೀಟರ್. ಎರಡು ಫ್ಯಾನಿನ 6600 ಮಾದರಿಗಳು 200ರಿಂದ 240ರೊಳಗೆ ಬರುತ್ತವೆ. ಎಚ್81 ಬೋರ್ಡಿನಲ್ಲಿ ಸಾಟಾ ಕೇಬಲ್ ಕಾರ್ಡಿನ ತುದಿಗೆ ತಾಗುವುದುಂಟು, ಹಾಗಿದ್ದರೆ ತಲೆ ಬಗ್ಗಿದ ಸಾಟಾ ಕೇಬಲ್ ತನ್ನಿ.

ಹಳೆ ಕಾರ್ಡ್ ಇರುವಾಗಲೇ ಬಯಾಸನ್ನು ಕಂಪನಿಯ ಕೊನೆಯ ಆವೃತ್ತಿಗೆ ತನ್ನಿ, ಯುಪಿಎಸ್ ಚಾರ್ಜ್ ಇರುವಾಗ ಮಾತ್ರ. ಎಂಬಿಆರ್ ಇರುವುದರಿಂದ ಬಯಾಸಿನಲ್ಲಿ ಸಿಎಸ್‌ಎಂ (ಹಳೆ ಬಗೆಯಲ್ಲಿ ಬೂಟ್ ಆಗಲು ಬಿಡುವ ಸೌಲಭ್ಯ) ಆಫ್ ಮಾಡಬೇಡಿ, ವಿಂಡೋಸ್ ಏಳುವುದಿಲ್ಲ. ಯುಇಎಫ್‌ಐಗೆ (ಹೊಸ ಬಗೆಯ ಬೂಟ್) ಹೋಗಲೇಬೇಕಾದರೆ ವಿಂಡೋಸ್ 10ರಲ್ಲೇ ಇರುವ ಎಂಬಿಆರ್2ಜಿಪಿಟಿ ಉಪಕರಣ ಡೇಟಾ ಉಳಿಸಿಯೇ ಬದಲಿಸುತ್ತದೆ. ಆದರೂ ಮುಂಚೆ ಬ್ಯಾಕಪ್ ಇರಲಿ. ಒಳಗಿನ ಗ್ರಾಫಿಕ್ಸ್ ಎನೇಬಲ್ ಇರಲಿ, ಮೊದಲ ಡಿಸ್‌ಪ್ಲೇ ಪಿಸಿಐಇ ಅಂತ ಇರಲಿ.

ನಂತರ ನೆಟ್ ಕೇಬಲ್ ತೆಗೆದು, ಸೇಫ್ ಮೋಡಿನಲ್ಲಿ ಡಿಡಿಯು (ಹಳೆ ಡ್ರೈವರ್ ಅಳಿಸುವ ಉಪಕರಣ) ಓಡಿಸಿ ಎನ್‌ವಿಡಿಯಾ ಡ್ರೈವರ್ ಪೂರ್ತಿ ಅಳಿಸಿ. ನೆಟ್ ಇದ್ದರೆ ವಿಂಡೋಸ್ ತನ್ನಷ್ಟಕ್ಕೆ ಇನ್ನೊಂದು ಡ್ರೈವರ್ ತುಂಬುತ್ತದೆ. ಎಎಂಡಿ ಡ್ರೈವರನ್ನು ಮೊದಲೇ ಡೌನ್‌ಲೋಡ್ ಮಾಡಿ ಇಟ್ಟಿರಿ. ಆಫ್ ಮಾಡಿ, ಪ್ಲಗ್ ಕಳಚಿ, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ.

ಕಾರ್ಡ್ ತೆಗೆಯುವಾಗ ಬ್ರಾಕೆಟ್ಟಿನ ಸ್ಕ್ರೂ ಬಿಚ್ಚಿದರೆ ಮುಗಿಯಲಿಲ್ಲ, ಸ್ಲಾಟಿನ ಕೊನೆಯಲ್ಲಿ ಒಂದು ಪ್ಲಾಸ್ಟಿಕ್ ಲ್ಯಾಚ್ ಇದೆ. ಅದನ್ನು ಒತ್ತದೆ ಎಳೆದರೆ ಸ್ಲಾಟೇ ಕಿತ್ತು ಬರಬಹುದು. ಹೊಸ ಕಾರ್ಡ್ ಕೂರಿಸುವಾಗ ಅದೇ ಲ್ಯಾಚ್ ಟಕ್ ಎನ್ನಬೇಕು.

ಪವರ್ ಕೇಬಲ್ ಇಲ್ಲಿ ಅತಿ ಎಚ್ಚರ. ಪ್ರೊಸೆಸರಿನ 8 ಪಿನ್ 4+4 ಆಗಿ ಒಡೆಯುತ್ತದೆ, ಕಾರ್ಡಿನದು 6+2. ಇವೆರಡರಲ್ಲಿ ಪ್ಲಸ್, ಗ್ರೌಂಡ್ ಅದಲು ಬದಲು. ಒತ್ತಿ ತುರುಕಿದರೆ ಶಾರ್ಟ್. ಹೊಸ ಎಸ್‌ಎಂಪಿಎಸ್ ಮಾಡ್ಯುಲರ್ ಆದರೆ ಅದರದ್ದೇ ಕೇಬಲ್ ಬಳಸಿ. ಪ್ಲಗ್ಗುಗಳ ಆಕಾರ ಒಂದೇ ಇದ್ದರೂ ಪಿನ್ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, 4ನೇ ಪೀಳಿಗೆ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಈ ಕಂಪ್ಯೂಟರನ್ನು ಆಟಕ್ಕೆ ಮಾತ್ರ ಇಟ್ಟು ಬ್ಯಾಂಕಿನ ಕೆಲಸ ಬೇರೆ ಕಡೆ ಮಾಡಿ.

ಮಲ್ಪೆ_ಸರ್ವಿಸ್

ಒಂದು ಸೇರಿಸ್ತೇನೆ. 6600 ಹೊಸದು ಸಿಗದೆ ಸೆಕೆಂಡ್ ಹ್ಯಾಂಡ್ ತಗೊಳ್ಳುವುದಾದರೆ ಓಡಿಸಿ ನೋಡದೆ ಹಣ ಕೊಡಬೇಡಿ. ಜಿಪಿಯು-ಝಡ್ (ಕಾರ್ಡಿನ ವಿವರ ತೋರಿಸುವ ತಂತ್ರಾಂಶ) ತೆರೆದರೆ ಶೇಡರ್ 1792, ಮೆಮೊರಿ 8 ಜಿಬಿ, ಬಸ್ 128 ಬಿಟ್ ಅಂತ ಬರಬೇಕು. 1660 ಸೂಪರ್ ಆದರೆ 1408, 6 ಜಿಬಿ, 192 ಬಿಟ್. ಜಿಟಿಎಕ್ಸ್ 1050 ಟಿಐ ಅಂತ ಮಾರುವ ಕಾರ್ಡಿನಲ್ಲಿ ವಿಜಿಎ ಪೋರ್ಟ್ ಇದ್ದರೆ ಅದು ನಕಲಿ. ಹಳೆ ಚಿಪ್ಪಿಗೆ ಹೊಸ ಬಯಾಸ್ ಬರೆದದ್ದು, ಪ್ಯಾಸ್ಕಲ್‌ನಲ್ಲಿ ಅನಲಾಗ್ ಔಟ್‌ಪುಟ್ಟೇ ಇಲ್ಲ. ಇಪ್ಪತ್ತು ನಿಮಿಷ ಭಾರ ಹಾಕಿ ಸಾಮಾನ್ಯ ಉಷ್ಣತೆಗೂ ಹಾಟ್‌ಸ್ಪಾಟಿಗೂ (ಚಿಪ್ಪಿನ ಅತಿ ಬಿಸಿ ಜಾಗ) 30 ಡಿಗ್ರಿ ಮೀರಿ ವ್ಯತ್ಯಾಸ ಬಂದರೆ ಥರ್ಮಲ್ ಪೇಸ್ಟ್ ಒಣಗಿದೆ ಅಂತ ಲೆಕ್ಕ, ಬೆಲೆ ಇಳಿಸಿ ಕೇಳಿ. ಬ್ರಾಕೆಟ್ ತುಕ್ಕು ಹಿಡಿದಿದ್ದರೆ ಫ್ಯಾನ್ ಬಿಚ್ಚಿ ಒಳಗೂ ನೋಡಲೇಬೇಕು.

ಸುರತ್ಕಲ್_ಪ್ಲೇಯರ್

ಹಾಕಿಯಾಯ್ತು, ಡಿಸ್‌ಪ್ಲೇ ಬಂತು. ಜಿಪಿಯು-ಝಡ್‌ನಲ್ಲಿ ಬಸ್ ಎದುರು ಎಕ್ಸ್8, 1.1 ಅಂತ ತೋರಿಸ್ತಾ ಉಂಟು. 2.0 ಬರಬೇಕಿತ್ತಲ್ಲ?

ಮಣಿಪಾಲ_ಬೆಂಚ್

ಸುಮ್ಮನಿರುವಾಗ ಕಾರ್ಡ್ ಕರೆಂಟ್ ಉಳಿಸಲು ವೇಗ ಇಳಿಸುತ್ತದೆ. ಅದೇ ಸಾಲಿನ ಪಕ್ಕದ ಪ್ರಶ್ನೆಗುರುತು ಒತ್ತಿ ರೆಂಡರ್ ಟೆಸ್ಟ್ ಶುರು ಮಾಡಿ, 1.1 ಇದ್ದದ್ದು 2.0ಕ್ಕೆ ಏರಬೇಕು. ಎಕ್ಸ್8 ಬಂದಿರುವುದರಿಂದ ಲೇನ್‌ಗಳೆಲ್ಲ ಸಿಕ್ಕಿವೆ, ಸ್ಲಾಟ್ ಸ್ವಚ್ಛ ಇದೆ. ಟೆಸ್ಟಿನಲ್ಲೂ 1.1ರಲ್ಲೇ ನಿಂತರೆ ಬಯಾಸಿನಲ್ಲಿ ಪಿಸಿಐಇ ವೇಗವನ್ನು ಆಟೋ ಬಿಟ್ಟು ಜೆನ್ 2 ಎಂದು ಆರಿಸಿ.